ಟಿಪ್ಪುವಿನ 72 ಫಿರಂಗಿಯ ಹಡಗು ಎಲ್ಲಿ ಹೋಯ್ತು?

ಟಿಪ್ಪು ಅಂದ ತಕ್ಷಣ ನಮ್ಮ ಸ್ಟುಡಿಯೋದಲ್ಲಿ ಏನಾಗುತ್ತೆ ಅನ್ನೋದು ನಿಮಗೆ ಗೊತ್ತೇ ಇದೆ. ಸ್ಕ್ರೀನ್ ಮೇಲೆ ಆರು ಕಿಟಕಿ, ಆರು ಮುಖ, ಒಂದೇ ಸಲಕ್ಕೆ ಆರೂ ಜನರ ಕೂಗು. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿದಾಗಲೂ ಇದೇ, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನ ನಿಲ್ಲಿಸಿದಾಗಲೂ ಇದೇ. ಹುಲಿಯೋ, ಕ್ರೂರಿಯೋ, ದೇಶಭಕ್ತನೋ, ಮತಾಂಧನೋ. ಜಾಸ್ತಿ ಅಂದ್ರೆ ಮಧ್ಯದಲ್ಲಿ ಒಬ್ಬರು ರಾಕೆಟ್ ವಿಷಯ ಎತ್ತುತ್ತಾರೆ. ಅಷ್ಟರಲ್ಲಿ ಬ್ರೇಕ್ ಬಂದಿರುತ್ತೆ.

ಹಡಗಿನ ವಿಷಯ ಮಾತ್ರ ಯಾರೂ ಎತ್ತಲ್ಲ. ಇವತ್ತು ಅದನ್ನೇ ಎತ್ತೋಣ.

1796ರಲ್ಲಿ, ಅಂದ್ರೆ ಸಾಯೋದಕ್ಕೆ ಮೂರು ವರ್ಷ ಮೊದಲು, ಶ್ರೀರಂಗಪಟ್ಟಣದಲ್ಲಿ ಕೂತು ಟಿಪ್ಪು ಒಂದು ಆದೇಶ ಹೊರಡಿಸಿದ. ಸಾಲಾಗಿ ನಿಂತು ಯುದ್ಧ ಮಾಡೋ ದೊಡ್ಡ ಹಡಗು 22, ಫ್ರಿಗೇಟ್ ಅನ್ನೋ ವೇಗದ ಹಡಗು 20. ದೊಡ್ಡವುಗಳಲ್ಲಿ ಕೆಲವಕ್ಕೆ 72 ಫಿರಂಗಿ, ಕೆಲವಕ್ಕೆ 62. ಸುಮ್ಮನೆ ಅಂದಾಜು ಮಾಡಿ ನೋಡಿ, ಎಷ್ಟು ಫಿರಂಗಿ ಆಯ್ತು! ಸಮುದ್ರದಿಂದ ಇಷ್ಟು ದೂರ, ಕಾವೇರಿ ಮಧ್ಯದ ದ್ವೀಪದಲ್ಲಿ ಕೂತ ಒಬ್ಬ ರಾಜನಿಗೆ ಇಂಥ ಯೋಚನೆ ಬಂದಿದ್ದು ಯಾಕೆ? ಆ ಹಡಗುಗಳು ಏನಾದವು?

ನನ್ನೂರು ವೈದ್ಯನಾಥಪುರ. ಮದ್ದೂರಿಂದ ಕೂಗಳತೆ, ಶಿಂಷಾ ನದಿ ದಂಡೆ. ನಮ್ಮ ಕಡೆಯವರಿಗೆ ನೀರು ಅಂದ್ರೆ ಹೊಳೆ, ಕಾಲುವೆ, ಗದ್ದೆ. ಸಮುದ್ರ ನೋಡಬೇಕಾದ್ರೆ ಘಟ್ಟ ಇಳೀಬೇಕು. ಆದ್ರೆ ಮೈಸೂರಿನ ಯುದ್ಧಗಳು ಮಾತ್ರ ನಮ್ಮ ಸುತ್ತಮುತ್ತಲೇ ಓಡಾಡಿವೆ. 1791ರ ಮೇ ತಿಂಗಳಲ್ಲಿ ಅರಕೆರೆ ಹತ್ತಿರ, 1799ರ ಮಾರ್ಚ್‌ನಲ್ಲಿ ಮಳವಳ್ಳಿ ಹತ್ತಿರ. ಎರಡೂ ಕದನ ಇವತ್ತಿನ ಮಂಡ್ಯ ಜಿಲ್ಲೆಯೊಳಗೇ ನಡೆದವು. ಹಾಗಾಗಿ ನಮ್ಮ ಕಡೆ ಕಥೆ ಹೇಳುವಾಗ ಎಲ್ಲವೂ ನೆಲದ ಮೇಲೇ ನಡೆಯುತ್ತೆ: ಕುದುರೆ, ಕೋಟೆ, ಕಂದಕ. ಆ ಕಥೆಯ ಅರ್ಧ ಭಾಗ ಅರಬ್ಬಿ ಸಮುದ್ರದಲ್ಲಿ ತೇಲ್ತಾ ಇತ್ತು ಅನ್ನೋದು ನಮ್ಮ ಗಮನಕ್ಕೇ ಬರಲ್ಲ.

1791ರ ಅರಕೆರೆಗೆ ಬನ್ನಿ. ಮೇ 15ರಂದು ಲಾರ್ಡ್ ಕಾರ್ನ್‌ವಾಲಿಸ್ ಅಲ್ಲಿ ಗೆದ್ದ. ಶ್ರೀರಂಗಪಟ್ಟಣ ಕಣ್ಣಿಗೆ ಕಾಣ್ತಾ ಇತ್ತು. ಆದ್ರೂ ವಾಪಸ್ ಹೋದ. ಯಾಕೆ? ದವಸ ಇಲ್ಲ, ಮೇವಿಲ್ಲ, ಎತ್ತುಗಳು ಸಾಯ್ತಾ ಇವೆ. ಕೋಟೆ ಒಡೆಯೋ ಒಂದೊಂದು ದೊಡ್ಡ ಫಿರಂಗಿ ಎಳೆಯೋಕೆ ಹತ್ತಾರು ಜೋಡಿ ಎತ್ತು ಬೇಕು. ಮಳೆ ಬಿದ್ದ ಮೇಲೆ ನಮ್ಮ ನೆಲ ಹೇಗಿರುತ್ತೆ ಅಂತ ಮಂಡ್ಯದವರಿಗೆ ಹೇಳಬೇಕಾ? ಕಬ್ಬಿನ ಗಾಡಿ ಹೂತ್ಕೊಂಡ್ರೆ ಎಬ್ಬಿಸೋಕೆ ಊರೇ ಬರಬೇಕು. ಕೊನೆಗೆ ತನ್ನ ಭಾರಿ ಫಿರಂಗಿಗಳನ್ನ ತಾನೇ ಹಾಳುಮಾಡಿ, ಬಿಟ್ಟು ಹೊರಟ. ಗವರ್ನರ್ ಜನರಲ್ ಸಾಹೇಬರನ್ನ ಸೋಲಿಸಿದ್ದು ಕತ್ತಿ ಅಲ್ಲ, ಎತ್ತಿನ ಕಾಲು.

ಈಗ ಲೆಕ್ಕ ನೋಡಿ. ಇಂಜಿನಿಯರಿಂಗ್ ಓದಿದ ಚಟ ಇದು, ಬಿಡೋಕಾಗಲ್ಲ. ನೆಲದ ಮೇಲೆ ಒಂದು ಸೈನ್ಯ ಒದ್ದಾಡಿ ಎಳೆಯೋ ಫಿರಂಗಿಗಳಿಗಿಂತ ಜಾಸ್ತಿ ಫಿರಂಗಿಯನ್ನ ಒಂದೇ ಒಂದು ಮರದ ಹಡಗು ಹೊತ್ತು, ಎತ್ತಿಲ್ಲದೆ, ಮೇವಿಲ್ಲದೆ, ಬರೀ ಗಾಳಿಯಲ್ಲಿ ಹೋಗುತ್ತೆ. ಆ ಕಾಲದಲ್ಲಿ ಭಾರಿ ಫಿರಂಗಿಯನ್ನ ಒಂದು ಊರಿಂದ ಇನ್ನೊಂದು ಊರಿಗೆ ಒಯ್ಯೋಕೆ ಹಡಗಿಗಿಂತ ಒಳ್ಳೆ ಯಂತ್ರ ಭೂಮಿ ಮೇಲೆ ಇರಲಿಲ್ಲ.

ಈ ಯಂತ್ರ ಇದ್ದಿದ್ದು ಯಾರ ಹತ್ತಿರ? ಅದೇ ಕಾರ್ನ್‌ವಾಲಿಸ್‌ನ ತಮ್ಮನ ಹತ್ತಿರ! ಅಣ್ಣ ಚಾರ್ಲ್ಸ್ ನಮ್ಮ ಹೊಲಗಳಲ್ಲಿ ಎತ್ತು ಹುಡುಕ್ತಾ ಇದ್ರೆ, ತಮ್ಮ ವಿಲಿಯಂ ಕಾರ್ನ್‌ವಾಲಿಸ್ ಮಲಬಾರ್ ಕರಾವಳಿಯಲ್ಲಿ ಬ್ರಿಟಿಷ್ ನೌಕಾದಳದ ಕಮೊಡೋರ್. ತಲಶ್ಶೇರಿ ಅವನ ನೆಲೆ. ಬಾಂಬೆಯಿಂದ ಬಂದ ಅಬರ್‌ಕ್ರಾಂಬಿಯ ಸೈನ್ಯ ಇಳಿದಿದ್ದು ಅದೇ ತಲಶ್ಶೇರಿಯಲ್ಲಿ. ಅಲ್ಲಿಂದ ಕೊಡಗು ದಾಟಿ ಪಿರಿಯಾಪಟ್ಟಣ. ಮಂಗಳೂರಿನ ಕಡೆ ಹೋಗೋ ಫ್ರೆಂಚ್ ಹಡಗುಗಳನ್ನ ತಡೆದು, ಟಿಪ್ಪುಗೆ ಮದ್ದುಗುಂಡು ಹೋಗ್ತಾ ಇದೆಯಾ ಅಂತ ಜಡ್ತಿ ಮಾಡೋದು ತಮ್ಮನ ಡ್ಯೂಟಿ.

1791ರ ನವೆಂಬರ್ 18. ರೆಸೊಲ್ಯು ಅನ್ನೋ ಫ್ರೆಂಚ್ ಫ್ರಿಗೇಟ್, ಜೊತೆಗೆ ಎರಡು ವ್ಯಾಪಾರಿ ಹಡಗು, ಕರಾವಳಿಯಲ್ಲಿ ಬಡಗು ದಿಕ್ಕಿಗೆ ಹೊರಟಿವೆ. ಬ್ರಿಟಿಷರ ಫೀನಿಕ್ಸ್, ಪರ್ಸಿವಿಯರೆನ್ಸ್ ಹಿಂದೆ ಬಿದ್ದವು. ನಿಮ್ಮ ಹಡಗು ನೋಡಬೇಕು ಅಂದ್ರು ಇವರು. ನೋಡೋಕೆ ನೀವ್ಯಾರು ಅಂದ್ರು ಅವರು. ನೆನಪಿಡಿ, ಆಗ ಫ್ರಾನ್ಸ್‌ಗೂ ಬ್ರಿಟನ್‌ಗೂ ಯುದ್ಧವೇ ಇರಲಿಲ್ಲ! ಆದ್ರೂ ಫ್ರೆಂಚರ ಕಡೆಯಿಂದ ಗುಂಡು ಹಾರಿತು. ಅರ್ಧ ಗಂಟೆಯೂ ಹಿಡಿಯದ ಕಾದಾಟ. ಫ್ರೆಂಚರ 25 ಜನ ಸತ್ರು, ಬ್ರಿಟಿಷರ 6 ಜನ. ಆಮೇಲೆ ವ್ಯಾಪಾರಿ ಹಡಗುಗಳನ್ನ ಹುಡುಕಿದ್ರೆ ಮದ್ದೂ ಇಲ್ಲ, ಗುಂಡೂ ಇಲ್ಲ. ಏನೂ ಸಿಗಲಿಲ್ಲ.

ಈ 31 ಜನರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಆದ್ರೆ ಇವರು ಸತ್ತಿದ್ದು ಮೈಸೂರು ಯುದ್ಧದಲ್ಲೇ. ಮೈಸೂರನ್ನ ಕಣ್ಣಲ್ಲಿ ನೋಡದೇ ಸತ್ತರು. ಎಲ್ಲಿ ಸತ್ತರು? ಗನ್ ಡೆಕ್‌ನಲ್ಲಿ. ಕನ್ನಡದಲ್ಲಿ ಫಿರಂಗಿ ಅಟ್ಟ ಅನ್ನೋಣ. ಸ್ವಲ್ಪ ಹೊತ್ತು ಆ ಅಟ್ಟದ ಒಳಗೇ ಇರೋಣ, ಯಾಕಂದ್ರೆ ಟಿಪ್ಪು ಆದೇಶ ಕೊಟ್ಟಿದ್ದೂ ಇಂಥ ಅಟ್ಟಗಳಿಗೇ.

ಟಿಪ್ಪು ಕೇಳಿದ ಅಳತೆಗೆ ಹತ್ತಿರದ್ದು ಬ್ರಿಟಿಷರ 74 ಫಿರಂಗಿಯ ಹಡಗು. ಅದರ ಕೆಳ ಅಟ್ಟ ಸುಮಾರು 170 ಅಡಿ ಉದ್ದ. ಅಗಲ 50 ಅಡಿಗೂ ಕಮ್ಮಿ. ಎತ್ತರ? ನನ್ನಂಥವನು ನೆಟ್ಟಗೆ ನಿಂತ್ರೆ ತೊಲೆ ತಲೆಗೆ ಬಡಿಯುತ್ತೆ. ಆ ಅಟ್ಟದ ಎಡಕ್ಕೆ 14, ಬಲಕ್ಕೆ 14 ಫಿರಂಗಿ. ಒಂದೊಂದರ ತೂಕ ಎರಡೂಮುಕ್ಕಾಲು ಟನ್ ಹತ್ತಿರ. ಗುಂಡು ಹದಿನಾಲ್ಕೂವರೆ ಕೆಜಿ.

ಆ ಗುಂಡು ಸೆಕೆಂಡಿಗೆ ಸುಮಾರು 480 ಮೀಟರ್ ವೇಗದಲ್ಲಿ ಹೊರಗೆ ಹೋದ್ರೆ ನ್ಯೂಟನ್ನನ ಮೂರನೇ ನಿಯಮ ಏನು ಹೇಳುತ್ತೆ? ಫಿರಂಗಿ ಹಿಂದಕ್ಕೆ ಬರಬೇಕು. ಗಾಡಿ ಸಮೇತ ಲೆಕ್ಕ ಹಾಕಿದ್ರೆ ಸೆಕೆಂಡಿಗೆ ಮೂರು ಮೀಟರ್ ಆಸುಪಾಸು. ಸೈಕಲ್ ತುಳಿಯೋ ವೇಗ. ಅಯ್ಯೋ ಇಷ್ಟೇನಾ ಅನ್ಬೇಡಿ. ಮೂರು ಟನ್ನಿನ ಸೈಕಲ್ ಅದು. ಗೋಡೆಗೆ ಕಟ್ಟಿದ ದಪ್ಪ ಹಗ್ಗವೇ ಅದಕ್ಕೆ ಬ್ರೇಕ್. ಹಗ್ಗ ಹರಿದ್ರೆ, ಅಥವಾ ಹಿಂದೆ ಯಾರಾದ್ರೂ ಕಾಲು ಇಟ್ಟಿದ್ರೆ, ಮುಗೀತು.

ಒಂದು ಫಿರಂಗಿಗೆ ಹದಿನಾಲ್ಕು ಜನರ ತಂಡ. ಎರಡೂ ಕಡೆ ಕಾದಾಟ ಬಂದ್ರೆ ಅದೇ ತಂಡ ಅರ್ಧರ್ಧ. ಒಬ್ಬ ಒದ್ದೆ ಮಾಡಿದ ಕುರಿಚರ್ಮದ ಕುಂಚವನ್ನ ಕೊಳವೆಯೊಳಗೆ ಆಡಿಸ್ತಾನೆ, ಒಳಗೆ ಕಿಡಿ ಉಳಿದಿರಬಾರದು ಅಂತ. ಇನ್ನೊಬ್ಬ ಬಟ್ಟೆ ಚೀಲದಲ್ಲಿ ಕಟ್ಟಿದ ಮದ್ದು ಹಾಕ್ತಾನೆ. ಆಮೇಲೆ ಗುಂಡು, ಗುಂಡು ಉರುಳದ ಹಾಗೆ ಹಳೇ ಹಗ್ಗದ ಉಂಡೆ. ಉದ್ದ ಕೋಲಲ್ಲಿ ಒಳಗೆ ತುರುಕಬೇಕು. ಮಿಕ್ಕವರು ಹಗ್ಗ ಹಿಡಿದು ಮೂರು ಟನ್ ಭಾರವನ್ನ ಕಿಂಡಿಯ ಕಡೆಗೆ ಎಳೀಬೇಕು, ಅಲೆಗೆ ಹಡಗು ವಾಲ್ತಾ ಇರುವಾಗ. ಪಳಗಿದ ತಂಡ ಇಷ್ಟನ್ನೂ ಒಂದೂವರೆ ನಿಮಿಷಕ್ಕೆ ಮುಗಿಸೋದು. ಹೊಸಬರಾದ್ರೆ ಐದು ನಿಮಿಷ ಆದ್ರೂ ಮುಗಿಯಲ್ಲ. ಕದನದಲ್ಲಿ ಗೆಲುವು ಸೋಲು ನಿರ್ಧಾರ ಆಗೋದು ಈ ವ್ಯತ್ಯಾಸದಲ್ಲಿ. ಫಿರಂಗಿಯ ಸಂಖ್ಯೆ ಆಮೇಲಿನ ಮಾತು.

ಮದ್ದು ತರೋರು ಯಾರು? ಮಕ್ಕಳು. ಹನ್ನೆರಡು, ಹದಿಮೂರು ವರ್ಷದ ಹುಡುಗರು. ಮದ್ದಿನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಶತ್ರುವಿನ ಗುಂಡು ತಾಗದ ಜಾಗದಲ್ಲಿ ಇರುತ್ತೆ. ಅಲ್ಲಿಂದ ಅಟ್ಟಕ್ಕೆ ಓಡಿ ಓಡಿ ತರಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆಗಳನ್ನ ನೀವು ನೋಡಿರ್ತೀರಿ. ಜೋಡಿ ರೈಲು ಮಾರ್ಗಕ್ಕೆ ಅಡ್ಡ ಬಂತು ಅಂತ 2017ರಲ್ಲಿ ಒಂದನ್ನ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ರಲ್ಲ, ಅದೇ ಜಾತಿ. ದಪ್ಪ ಗೋಡೆ, ನೆಲದೊಳಗೆ ತಗ್ಗು. ಹಡಗಲ್ಲೂ ಅದೇ ತರ್ಕ, ಗೋಡೆ ಬದಲು ಸಮುದ್ರ.

ಮದ್ದು ಅಂದ್ರೆ ನಮ್ಮಲ್ಲಿ ಔಷಧಿಯೂ ಹೌದು, ಬಾರೂದೂ ಹೌದು. ಎಂಥ ಭಾಷೆ ನೋಡಿ! ಹಡಗಲ್ಲೂ ಎರಡು ಮದ್ದೂ ಒಂದೇ ಕಡೆ, ತಳದ ಕತ್ತಲಲ್ಲಿ. ಸರ್ಜನ್ ಕೂರೋದು ಅಲ್ಲೇ. ಅರಿವಳಿಕೆ ಇಲ್ಲ. ಅರಿವಳಿಕೆ ಬರೋಕೆ ಇನ್ನೂ ಐವತ್ತು ವರ್ಷ ಇದೆ. ಕಾಲು ಕೊಯ್ಯಬೇಕಾದ್ರೆ ಒಂದು ಗುಟುಕು ರಮ್, ಹಲ್ಲಿಗೆ ಕಚ್ಚೋಕೆ ಒಂದು ತುಂಡು ಚರ್ಮ. ನಮ್ಮೂರ ವೈದ್ಯನಾಥೇಶ್ವರನೇ ಗತಿ ಅನ್ನೋ ಸ್ಥಿತಿ, ಆದ್ರೆ ಅವರಿಗೆ ಅವನ ಹೆಸರು ಗೊತ್ತಿರಲಿಲ್ಲ. ಹೆಚ್ಚು ಜನರನ್ನ ಕೊಂದಿದ್ದು ಗುಂಡು ಅಂದ್ಕೊಂಡ್ರಾ? ಮರದ ಸಿಬಿರು. ಗುಂಡು ಬಂದು ಗೋಡೆ ಒಡೆದ್ರೆ ಮೊಳದುದ್ದದ ಸಿಬಿರುಗಳು ಅಟ್ಟದ ತುಂಬಾ ಹಾರ್ತವೆ. ಕಿಂಡಿಯಿಂದ ಹೊಗೆ ಹೊರಗೆ ಹೋಗಲ್ಲ. ಆಲೆಮನೆಯ ಒಲೆ ಮುಂದೆ ನಿಂತು ಗೊತ್ತಿದ್ದೋರು ಅದರ ನೂರು ಪಾಲು ಊಹಿಸಿಕೊಳ್ಳಿ. ಕಿವಿಗೆ ಕರವಸ್ತ್ರ ಬಿಗಿದು ಕಟ್ತಾ ಇದ್ರು. ಎಷ್ಟೋ ಜನ ಜೀವನಪೂರ್ತಿ ಕಿವುಡರಾದ್ರು.

ಇದು ಕಾದಾಟದ ದಿನದ ಕಥೆ. ಆದ್ರೆ ಕಾದಾಟ ವರ್ಷಕ್ಕೊಂದು ದಿನ ಬಂದ್ರೆ ಹೆಚ್ಚು. ಉಳಿದ ದಿನ?

ಉಳಿದ ದಿನ ಅದೇ ಅಟ್ಟ ಮನೆ. ಎರಡು ಫಿರಂಗಿ ಮಧ್ಯೆ ತೊಲೆಗೆ ಹಗ್ಗ ಕಟ್ಟಿ ಹಲಗೆ ಇಳಿಬಿಟ್ರೆ ಅದು ಊಟದ ಮೇಜು. ಆರೆಂಟು ಜನ ಸೇರಿ ಒಂದು ಪಂಕ್ತಿ. ಉಪ್ಪು ಹಾಕಿದ ಮಾಂಸ, ಬಟಾಣಿ, ಕಲ್ಲಿನಂಥ ಬಿಸ್ಕತ್ತು. ಬಿಸ್ಕತ್ತನ್ನ ಮೇಜಿಗೆ ತಟ್ಟಿ ಹುಳ ಉದುರಿಸಿ ತಿನ್ನಬೇಕು. ರಾತ್ರಿ ಅದೇ ತೊಲೆಗೆ ಬಟ್ಟೆಯ ತೂಗುಮಂಚ. ಒಬ್ಬನಿಗೆ ಸರ್ಕಾರಿ ಲೆಕ್ಕದಲ್ಲಿ ಸಿಗೋ ಅಗಲ 14 ಇಂಚು! ಅರ್ಧ ಜನ ಪಾಳಿಯಲ್ಲಿ ಮೇಲೆ ಇರೋದ್ರಿಂದ 28 ಇಂಚು ಸಿಗ್ತಿತ್ತು ಅನ್ನಿ. ಬೆಂಗಳೂರು ಪೇಯಿಂಗ್ ಗೆಸ್ಟ್‌ಗಳಲ್ಲಿ ಇದ್ದು ಓದಿದ ನಾನೇ ಇದನ್ನ ಓದಿ ಸುಮ್ಮನಾದೆ. ಅಲೆ ಜೋರಿದ್ರೆ ಕಿಂಡಿ ಮುಚ್ಚಬೇಕು. ಬೆಳಕಿಲ್ಲ, ಗಾಳಿಯಿಲ್ಲ, ಐನೂರರವತ್ತು ಆರುನೂರು ಜನರ ಬೆವರು, ಒದ್ದೆ ಬಟ್ಟೆ, ಇಲಿ. ತಾಜಾ ಹಣ್ಣು ತರಕಾರಿ ಇಲ್ಲದೆ ಒಸಡು ಕೊಳೆತು ಸಾಯೋ ಸ್ಕರ್ವಿ ರೋಗ. ನಿಂಬೆರಸ ಕೊಡಬೇಕು ಅಂತ ಬ್ರಿಟಿಷ್ ನೌಕಾ ಮಂಡಳಿ ಒಪ್ಪಿದ್ದೇ 1795ರಲ್ಲಿ. ನಮ್ಮ ಅಜ್ಜಿ ಆಗಿದ್ರೆ ಮೊದಲ ದಿನವೇ ಉಪ್ಪಿನಕಾಯಿ ಜಾಡಿ ಕಟ್ಟಿ ಕಳಿಸಿರೋರು.

ಇಂಥ ಕಡೆ ಯಾರಾದ್ರೂ ಖುಷಿಯಿಂದ ಬರ್ತಾರಾ? ಬರ್ತಿರಲಿಲ್ಲ. ಬಂದರು ಊರುಗಳಲ್ಲಿ ಗುಂಪು ಕಟ್ಟಿಕೊಂಡು ಹೋಗಿ ನಾವಿಕರನ್ನ ಹಿಡಿದು ಎಳೆದು ತರ್ತಾ ಇದ್ರು. ತಪ್ಪು ಮಾಡಿದ್ರೆ ಎಲ್ಲರ ಮುಂದೆ ಬಾರುಕೋಲು. ನಾವಿಕರ ಸಂಬಳ 1650ರ ದಶಕದಿಂದ ಏರಿರಲಿಲ್ಲ. ಅಂದ್ರೆ ಸುಮಾರು 140 ವರ್ಷ! ಪಡಿತರದಲ್ಲಿ ಒಂದು ಪೌಂಡ್ ಅಂದ್ರೆ 16 ಔನ್ಸ್ ಬದಲು 14 ಔನ್ಸ್ ತೂಗ್ತಿದ್ರು, ಮಿಕ್ಕ ಎರಡು ಔನ್ಸ್ ಉಗ್ರಾಣದವನಿಗೆ. 1797ರಲ್ಲಿ ಸ್ಪಿಟ್‌ಹೆಡ್‌ನಲ್ಲಿ ನಾವಿಕರು ನಾವು ಲಂಗರು ಎತ್ತಲ್ಲ ಅಂತ ಕೂತುಬಿಟ್ರು. ಅವರ ಬೇಡಿಕೆಗಳಲ್ಲಿ ಈ ಎರಡು ಔನ್ಸ್ ಕೂಡ ಇತ್ತು. ಸರ್ಕಾರ ಬಗ್ಗಲೇಬೇಕಾಯ್ತು. ಬ್ರಿಟಿಷ್ ಸಾಮ್ರಾಜ್ಯ ಅಂತ ನಾವು ಕರೆಯೋದು ಈ ಅಟ್ಟದ ಮೇಲೆ ನಿಂತಿತ್ತು, ವೀಕ್ಷಕರೇ. ಅಲ್ಲಿದ್ದೋರಿಗೆ ಅದರ ಲಾಭ ಏನೂ ಸಿಕ್ಕಿರಲಿಲ್ಲ.

ಈಗ ಶ್ರೀರಂಗಪಟ್ಟಣಕ್ಕೆ ವಾಪಸ್ ಬರೋಣ. 1792ರ ಫೆಬ್ರವರಿಯಲ್ಲಿ ಅಣ್ಣ ಕಾರ್ನ್‌ವಾಲಿಸ್ ಮತ್ತೆ ಬಂದ, ಈ ಸಲ ತಯಾರಿ ಮಾಡಿಕೊಂಡು. ಕರಾವಳಿ ಕಡೆಯಿಂದ ಅಬರ್‌ಕ್ರಾಂಬಿಯೂ ಬಂದು ಸೇರಿದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಎರಡು ಮಕ್ಕಳನ್ನ ಒತ್ತೆ ಇಟ್ಟ. ಮಲಬಾರ್ ಹೋಯ್ತು. ಅದರ ಜೊತೆ ಮಲಬಾರಿನ ತೇಗದ ಕಾಡೂ ಹೋಯ್ತು. ಇದಾದ ನಾಲ್ಕು ವರ್ಷಕ್ಕೆ ಬಂದಿದ್ದು ಆ 1796ರ ಆದೇಶ. ತನ್ನನ್ನ ಸೋಲಿಸಿದ್ದು ಏನು ಅಂತ ಅವನಿಗೆ ಸರಿಯಾಗೇ ಅರ್ಥ ಆಗಿತ್ತು ಅನ್ನೋದು ನನ್ನ ಅಭಿಪ್ರಾಯ. ಆರು ಕಿಟಕಿಯ ಡಿಬೇಟಿನಲ್ಲಿ ಎರಡೂ ಕಡೆಯವರು ಇದನ್ನ ಬಿಟ್ಟುಬಿಡ್ತಾರೆ.

ಆದೇಶ ಓದಿದ್ರೆ ಒಂದು ಒಳ್ಳೆ ಪ್ರಾಜೆಕ್ಟ್ ರಿಪೋರ್ಟ್ ಓದಿದ ಹಾಗಿದೆ. ನೌಕಾ ಮಂಡಳಿಗೆ 11 ಜನ, ಮೀರ್ ಯಮ್ ಅಂತ ಪದವಿ. ಅವರ ಕೆಳಗೆ 30 ಜನ ಮೀರ್ ಬಹರ್. ಹಡಗು ಕಟ್ಟೋಕೆ ಮೂರು ಕಡೆ: ಮಂಗಳೂರು, ಮಿರ್ಜಾನ್ ಹತ್ತಿರ, ಸದಾಶಿವಗಡ. ಒಂದೊಂದು ಹಡಗಿಗೆ ನಾಲ್ಕು ಸರದಾರರು. ಒಬ್ಬ ಕಪ್ತಾನ, ಇನ್ನೊಬ್ಬನಿಗೆ ಫಿರಂಗಿ ಮತ್ತು ಮದ್ದು, ಮಗದೊಬ್ಬನಿಗೆ ಕೋವಿ ಹಿಡಿದ ಸಿಪಾಯಿಗಳು, ನಾಲ್ಕನೆಯವನಿಗೆ ಖಲಾಸಿಗಳು, ಹಾಯಿ, ಹಗ್ಗ. ಫಿರಂಗಿ ಅಟ್ಟ ಯಾರದ್ದು ಅಂತ ಕಾಗದದ ಮೇಲೆ ಸ್ಪಷ್ಟವಾಗಿ ಬರೆದಿತ್ತು. ಇಷ್ಟು ಅಚ್ಚುಕಟ್ಟಾಗಿ ಯೋಚನೆ ಮಾಡಿದ ರಾಜ ಆ ಕಾಲದ ಹಿಂದೂಸ್ತಾನದಲ್ಲಿ ಇನ್ನೊಬ್ಬ ಇದ್ದ ಅಂತ ನನಗನ್ನಿಸಲ್ಲ.

ಆದ್ರೆ ಆ ಒಂದೂವರೆ ನಿಮಿಷ? ಅದನ್ನ ಆದೇಶದಲ್ಲಿ ಹೇಗೆ ಬರೀತೀರಿ? ಹದಿನಾಲ್ಕು ಜನ ಕತ್ತಲಲ್ಲಿ, ಹೊಗೆಯಲ್ಲಿ, ಮಾತಿಲ್ಲದೆ ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಾಗೋ ಹಾಗೆ ಕೆಲಸ ಮಾಡಬೇಕಾದ್ರೆ ವರ್ಷಗಟ್ಟಲೆ ಸಮುದ್ರದ ಮೇಲೆ ಒಟ್ಟಿಗೆ ಬದುಕಿರಬೇಕು. ಮರ ಕಾಡಲ್ಲಿ ಸಿಗುತ್ತೆ, ತಾಮ್ರ ದುಡ್ಡಿಗೆ ಸಿಗುತ್ತೆ. ಇದು ಎಲ್ಲಿ ಸಿಗುತ್ತೆ?

ಕರಾವಳಿಯಲ್ಲಿ ಸಮುದ್ರ ಬಲ್ಲವರು ಇರಲಿಲ್ವಾ? ಬೇಕಾದಷ್ಟು ಜನ ಇದ್ರು. ಅವರ ಜೊತೆ ಘಟ್ಟದ ಮೇಲಿನ ದೊರೆಗಳು ನಡೆದುಕೊಂಡ ರೀತಿ ನೋಡಿ. 1768ರಲ್ಲಿ ಬಾಂಬೆಯಿಂದ ಇಂಗ್ಲಿಷರ ದಳ ಮಂಗಳೂರಿಗೆ ಬಂದಾಗ ಹೈದರನ ಹಡಗುಗಳು ಕಾದಾಡಲೇ ಇಲ್ಲ, ಆ ಕಡೆಗೆ ಸೇರಿಕೊಂಡವು. ಕಾರಣ? ನಾವಿಕನೊಬ್ಬ ನಡೆಸ್ತಾ ಇದ್ದ ದಳದ ಮೇಲೆ ಹೈದರ್ ಒಬ್ಬ ಕುದುರೆ ಸೈನ್ಯದ ಅಧಿಕಾರಿಯನ್ನ ತಂದು ಕೂರಿಸಿದ್ದ. ಕುದುರೆ ಏರಿದವನು ಹಡಗು ಏರಬಲ್ಲ ಅನ್ನೋ ನಂಬಿಕೆ ನಮ್ಮಲ್ಲಿ ಈಗಲೂ ಇದೆ, ಯಾವ ಇಲಾಖೆ ಅಂತ ನಾನು ಹೇಳಲ್ಲ. ಆಮೇಲೆ ಹೈದರ್ ಮತ್ತೆ ಹಡಗು ಕಟ್ಟಿಸಿದ. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿಗೆ ನುಗ್ಗಿ, ಲಂಗರು ಹಾಕಿದ್ದ ಕಡೆಯೇ ಅವನ್ನ ಸುಟ್ಟ. 1784ರಲ್ಲಿ ಟಿಪ್ಪು ಕರಾವಳಿಯ ಸಾವಿರಾರು ಕ್ಯಾಥೊಲಿಕ್ ಕುಟುಂಬಗಳನ್ನ ಸೆರೆ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ದಾರಿಯಲ್ಲೇ ಎಷ್ಟೋ ಜನ ಸತ್ರು. ಇದನ್ನ ಮುಚ್ಚಿಡೋದು ಬೇಡ, ಡಿಬೇಟಿಗೆ ತುಪ್ಪವಾಗಿ ಸುರಿಯೋದೂ ಬೇಡ. ಆದ್ರೆ ಹನ್ನೆರಡು ವರ್ಷ ಆದ ಮೇಲೆ ಅದೇ ಕರಾವಳಿಗೆ ಬಂದು, ನನ್ನ ಹಡಗಿನ ಅಟ್ಟಕ್ಕೆ ಜನ ಕೊಡಿ ಅಂದ್ರೆ ಎಷ್ಟು ಮನಸ್ಸಿಂದ ಬಂದಾರು?

ಸಮಯವೂ ಇರಲಿಲ್ಲ ಅನ್ನಿ. 1797ರಲ್ಲಿ, ಅದೇ ಸ್ಪಿಟ್‌ಹೆಡ್ ದಂಗೆಯ ವರ್ಷ, ರಿಪಾ ಅನ್ನೋ ಒಬ್ಬ ಫ್ರೆಂಚ್ ಸಾಹಸಿಯ ಮುರಿದ ಹಡಗು ಮಂಗಳೂರಿಗೆ ಬಂತು. ಫ್ರಾನ್ಸ್ ದೊಡ್ಡ ಸೈನ್ಯ ಕಳಿಸೋಕೆ ತಯಾರಿದೆ ಅಂತ ಅವನು ಬಡಾಯಿ ಬಿಟ್ಟ. ಟಿಪ್ಪು ಮಾರಿಷಸ್‌ಗೆ ರಾಯಭಾರಿಗಳನ್ನ ಕಳಿಸಿದ. 1798ರ ಏಪ್ರಿಲ್‌ನಲ್ಲಿ ಫ್ರೆಂಚ್ ಫ್ರಿಗೇಟ್‌ನಲ್ಲಿ ಮಂಗಳೂರಿಗೆ ಬಂದಿಳಿದಿದ್ದು ನೂರರ ಆಸುಪಾಸು ಜನ. ಒಂದು ದೊಡ್ಡ ಹಡಗಿನ ಏಳೆಂಟು ಫಿರಂಗಿಗೆ ಸಾಕಾಗೋಷ್ಟು! ಮರುವರ್ಷ ಬಾಂಬೆ ಸೈನ್ಯ ಮತ್ತೆ ಕಣ್ಣೂರು ಕಡೆಯಿಂದ ಕೊಡಗಿನ ಮೇಲೆ ಬಂತು, ಮದ್ರಾಸ್ ಸೈನ್ಯ ಮಳವಳ್ಳಿ ದಾಟಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. 72 ಫಿರಂಗಿಯ ಹಡಗುಗಳು ಕಾಗದದಲ್ಲೇ ಉಳಿದವು.

ಮಲಬಾರಿನ ತೇಗ ಮಾತ್ರ ಕಾಗದದಲ್ಲಿ ಉಳೀಲಿಲ್ಲ. ಬಾಂಬೆಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಮೇಸ್ತ್ರಿಗಳು ಬ್ರಿಟಿಷ್ ನೌಕಾದಳಕ್ಕೆ ತೇಗದ ಹಡಗು ಕಟ್ಟೋಕೆ ಶುರು ಮಾಡಿದ್ರು. 1813ರಲ್ಲಿ ಅಲ್ಲಿಂದ ನೀರಿಗಿಳಿದ ಒಂದು ಹಡಗಿಗೆ 74 ಫಿರಂಗಿ. ಟಿಪ್ಪು ಕೇಳಿದ್ದಕ್ಕಿಂತ ಎರಡು ಹೆಚ್ಚು. ಹೆಸರು ಕಾರ್ನ್‌ವಾಲಿಸ್! 1842ರಲ್ಲಿ ಚೀನಾ ಹಾಂಗ್‌ಕಾಂಗನ್ನ ಬರೆದುಕೊಟ್ಟ ನಾನ್ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು ಇದೇ ಹಡಗಿನ ಮೇಲೆ. ಆಮೇಲೆ ಇಂಗ್ಲೆಂಡಿನ ಶಿಯರ್‌ನೆಸ್‌ನಲ್ಲಿ ಅದನ್ನ ಜೆಟ್ಟಿ ಮಾಡಿಕೊಂಡ್ರು. ಒಡೆದು ಹಾಕಿದ್ದು 1957ರಲ್ಲಿ. ನಮ್ಮ ರಾಜ್ಯ ಒಂದಾಗಿ ಆಗಲೇ ಒಂದು ವರ್ಷ ಆಗಿತ್ತು. 144 ವರ್ಷ ತಡೀತು ಆ ಮರ.

ಅದರ ತಂಗಿಯಂಥ ಹಡಗು ಈಗಲೂ ಇದೆ. 1817ರಲ್ಲಿ ಅದೇ ಬಾಂಬೆಯಲ್ಲಿ, ಅದೇ ಮಲಬಾರ್ ತೇಗದಲ್ಲಿ ಕಟ್ಟಿದ ಟ್ರಿಂಕಾಮಲಿ ಅನ್ನೋ ಫ್ರಿಗೇಟ್. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೆ ನಿಂತಿದೆ. ಟಿಕೆಟ್ ತಗೊಂಡು ಒಳಗೆ ಹೋಗಬಹುದು. ಫಿರಂಗಿ ಅಟ್ಟ ಇದೆ, ತೂಗುಮಂಚ ಕಟ್ಟೋ ತೊಲೆಗಳಿವೆ. ಮಂಡ್ಯದ ಕಡೆಯ ಹುಡುಗರು ಎಷ್ಟೋ ಜನ ಈಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದೀರಿ. ಒಂದು ಭಾನುವಾರ ಹೋಗಿ ಬನ್ನಿ. ತೊಲೆಗೆ ತಲೆ ಬಡಿಯದ ಹಾಗೆ ಬಗ್ಗಿ ನಡೀರಿ.